ಕಿಸೆಗೊಂದು ಮಡಚುಗತ್ತಿ

ಮಾಣಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಕತ್ತಿಗಳಿಗೆ ಬರವಿಲ್ಲ. ಅಡುಗೆಮನೆಯಲ್ಲಿ ಮೆಟ್ಟುಕತ್ತಿ, ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ ಹುಲ್ಲುಕತ್ತಿ, ಕೆಲಸಕ್ಕೆ ಹೊರಟವರ ಸೊಂಟದ ಕೊಕ್ಕೆಯಲ್ಲಿ ತೂಗುವ ದೊಡ್ಡ ಕತ್ತಿ, ಎಲೆತಟ್ಟೆಯ ಬದಿಯಲ್ಲಿ ಅಡಕತ್ತರಿ. ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದು ಕೆಲಸ. ಒಂದರ ಕೆಲಸವನ್ನು ಇನ್ನೊಂದರಲ್ಲಿ ಮಾಡಿದರೆ ಮನೆಯ ಹಿರಿಯರು ಸುಮ್ಮನಿರುವುದಿಲ್ಲ. ಇಷ್ಟರಲ್ಲಿ ಗೇಟು ದಾಟಿ ಪೇಟೆಯವರೆಗೂ ಬರುವುದು ಒಂದೇ: ಅಂಗಿಯ ಕಿಸೆಯಲ್ಲೋ ಎಲೆಚೀಲದಲ್ಲೋ ಮಡಚಿಕೊಂಡಿರುವ ಸಣ್ಣ ಚಾಕು.

ದಿನವಿಡೀ ಅದಕ್ಕೆ ಕೆಲಸವಿದೆ. ಹಿಂಡಿ ಗೋಣಿಯ ಬಾಯಿಗೆ ಹೊಲಿದ ನೂಲು ಕತ್ತರಿಸಬೇಕು. ಊಟಕ್ಕೆ ಬಾಳೆ ಎಲೆ ಕೊಯ್ಯಬೇಕು. ಸ್ಪ್ರಿಂಕ್ಲರಿನ ಪೈಪು ಒಡೆದರೆ ಒಡೆದ ತುಂಡನ್ನು ನೇರವಾಗಿ ತೆಗೆಯಬೇಕು. ಕರಿಮೆಣಸಿನ ಬಳ್ಳಿಯನ್ನು ಗಂಟಿನ ಕೆಳಗೆ ಓರೆಯಾಗಿ ಕೊಯ್ದು ನೆಡಬೇಕು. ಎಲೆ ಹಾಕುವವರಿಗೆ ಹೊಗೆಸೊಪ್ಪಿನ ತುಂಡು ಬೇಕು. ಒಣಗಿದ ಅಡಿಕೆಯೊಂದನ್ನು ನಡುವೆ ಸೀಳಿ ಒಳಗೆ ಹುಳ ಕೊರೆದಿದೆಯೇ, ಬಣ್ಣ ಹೇಗಿದೆ ಎಂದು ನೋಡದೆ ಯಾವ ಬೆಳೆಗಾರನಿಗೂ ಸಮಾಧಾನವಿಲ್ಲ. ಈ ಯಾವ ಕೆಲಸಕ್ಕೂ ಮೂರು ಇಂಚಿಗಿಂತ ಉದ್ದದ ಅಲಗು ಬೇಕಿಲ್ಲ. ಆದರೂ ಜಾತ್ರೆಯ ಅಂಗಡಿಯಲ್ಲಿ ಹುಡುಗರ ಕೈ ಹೋಗುವುದು ಗುಂಡಿ ಒತ್ತಿದರೆ ಚಟಕ್ಕನೆ ಚಿಮ್ಮುವ, ಹಿಡಿಯ ಮೇಲೆ ಹುಲಿಯ ಚಿತ್ರವಿರುವ ಚಾಕಿನ ಕಡೆಗೇ. ನನ್ನ ಮಟ್ಟಿಗೆ ಕಿಸೆಯ ಚಾಕನ್ನು ಆರಿಸುವಾಗ ನೋಡಬೇಕಾದ್ದು ಎರಡು: ಮೊದಲು ತೋಟದ ಕೆಲಸ, ಆಮೇಲೆ ಎದುರಿಗಿರುವವರ ಕಣ್ಣು. ಬಂಟ್ವಾಳ ತಾಲ್ಲೂಕಿನಲ್ಲಿ ಎರಡನೆಯದು ಮೊದಲನೆಯದರಷ್ಟೇ ಮುಖ್ಯ ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ನಮ್ಮ ಹಳೆಯ ಸಣ್ಣ ಕತ್ತಿ ಮಡಚುವಂಥದ್ದಲ್ಲ. ಪೀಶಕತ್ತಿಗೆ ಹಿಡಿ, ಅಲಗು ಎರಡೂ ನೆಟ್ಟಗೆ ಒಂದೇ ಗೆರೆಯಲ್ಲಿರುತ್ತವೆ. ಮಡಿಕೇರಿ ಕಡೆಗೆ ಹೋದರೆ ಅದರ ಬಂಧುವೇ ಆದ ಪೀಚೆಕತ್ತಿ ಬೆಳ್ಳಿಯ ಒರೆಯೊಳಗೆ ಸೇರಿ ಕೊಡವರ ಮದುವೆಯ ಉಡುಪಿನ ಅಂಗವಾಗಿದೆ. ಪಂಚೆಯ ಸೊಂಟಕ್ಕೆ ಒರೆ ಸಿಕ್ಕಿಸಿಕೊಳ್ಳುತ್ತಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಅಂಗಿಗೆ ಕಿಸೆ ಬಂದಮೇಲೆ ಬಾಯಿಯನ್ನು ತನ್ನ ಹಿಡಿಯೊಳಗೇ ಅಡಗಿಸಿಕೊಳ್ಳುವ ಚಾಕು ಬೇಕಾಯಿತು. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಊರುಗಳು ಅದನ್ನು ಜಗತ್ತಿಗೆಲ್ಲ ಮಾಡಿ ಕಳಿಸಿದವು. ನಮ್ಮ ಆಚಾರಿಗಳ ಕುಲುಮೆಯಲ್ಲಿ ಇಂದಿಗೂ ಲಾರಿಯ ಹಳೇ ಪ್ಲೇಟು ಕಾಯಿಸಿ ಬಡಿದು ಒಳ್ಳೆಯ ಕತ್ತಿ ಮಾಡಿಕೊಡುತ್ತಾರೆ, ಕೋಳಿ ಅಂಕದ ಬಾಳು ಮಾಡಬಲ್ಲ ನಯದ ಕೈಗಳೂ ಇದ್ದವು. ಮಡಚುವ ಚಾಕು ಮಾತ್ರ ಆ ಕುಲುಮೆಯ ಕೆಲಸವಾಗಲಿಲ್ಲ. ಅದು ಬಡಿಯುವ ಕೆಲಸಕ್ಕಿಂತ ಜೋಡಿಸುವ ಕೆಲಸ. ಶೆಫೀಲ್ಡಿನಲ್ಲೇ ಅಲಗು ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ, ಸ್ಪ್ರಿಂಗು, ಮೊಳೆ ಕೂಡಿಸುವವನು ಮತ್ತೊಬ್ಬ.

ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಒಂದೇ: ತುಕ್ಕು ಹಿಡಿಯುತ್ತದೆಯೇ? ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಉಕ್ಕಿಗೆ ನೂರಕ್ಕೆ ಹನ್ನೆರಡು ಹದಿಮೂರು ಪಾಲು ಕ್ರೋಮಿಯಂ ಬೆರೆಸಿದರೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಆಕ್ಸೈಡ್ ಪೊರೆ ಕಟ್ಟಿ ನೀರು, ಗಾಳಿ ಒಳಗೆ ತಾಗದಂತೆ ತಡೆಯುತ್ತದೆ. ಇದೇ ಸ್ಟೇನ್‌ಲೆಸ್. ಕ್ರೋಮಿಯಂ ಇಲ್ಲದ, ಇಂಗಾಲ ಮಾತ್ರ ಬೆರೆತ ಉಕ್ಕಿಗೆ ಈ ರಕ್ಷಣೆ ಇಲ್ಲ. ಹಸಿ ಅಡಿಕೆ ಸೀಳಿದರೆ ಅದರ ಒಗರಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಅಲಗು ನೀಲಿಗಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ರಸಾಯನದಿಂದ. ಆ ಕಪ್ಪು ಕೊಳೆಯಲ್ಲ, ಅಲಗಿಗೆ ಕೆಡುಕೂ ಅಲ್ಲ. ಹಳೆಯ ಚಾಕುಗಳ ಮೈಬಣ್ಣವೇ ಅದು.

ಸ್ಟೇನ್‌ಲೆಸ್ಸೇ ಇರಲಿ ಎಂದು ಪೇಟೆಯ ಮಂದಿಗೆ ಹೇಳಬಹುದು. ಅಡಿಕೆ ಬೆಳೆಗಾರರಿಗೆ ಹೇಳುವ ಮೊದಲು ನಾನು ಒಂದು ಗಳಿಗೆ ನಿಲ್ಲುತ್ತೇನೆ. ಕಾರಣ ಬೋರ್ಡೊ ದ್ರಾವಣ.

ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗ ಬಾರದಂತೆ ಅಡಿಕೆಗೆ ಮದ್ದು ಬಿಡುವುದು ಈ ಸೀಮೆಯ ವಾರ್ಷಿಕ ವ್ರತ. ಮೈಸೂರು ಸಂಸ್ಥಾನದ ಸೇವೆಗೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗವನ್ನು ಅಭ್ಯಾಸ ಮಾಡಿ ಬರೆದಮೇಲೆ ಮೈಲುತುತ್ತು, ಸುಣ್ಣದ ಮಿಶ್ರಣ ಮಲೆನಾಡು, ಕರಾವಳಿಗಳ ತೋಟಗಳಲ್ಲಿ ಬೇರೂರಿತು. ಲೆಕ್ಕ ಎಲ್ಲರಿಗೂ ಬಾಯಿಪಾಠ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆದರೆ ಸುಣ್ಣದ ಗುಣ ಒಂದು ಮೂಟೆಗೂ ಇನ್ನೊಂದಕ್ಕೂ ಸಮ ಇರುವುದಿಲ್ಲ. ಸುಣ್ಣ ಸತ್ವಹೀನವಾಗಿದ್ದರೆ ದ್ರಾವಣದಲ್ಲಿ ತುತ್ತು ಸುಮ್ಮನೆ ಕರಗಿ ಉಳಿದು ಎಳೆಕಾಯಿ, ಸಿಂಗಾರವನ್ನು ಸುಟ್ಟುಹಾಕುತ್ತದೆ. ಅದನ್ನು ಕಂಡುಹಿಡಿಯಲು ಹಿರಿಯರು ಬಳಸುವ ಉಪಕರಣ ಕಿಸೆಯ ಚಾಕು. ಅಲಗನ್ನು ಉಜ್ಜಿ ಹೊಳಪು ಬರಿಸಿ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಬಣ್ಣ ಕೂತರೆ ತುತ್ತಿನೊಳಗಿನ ತಾಮ್ರ ಕಬ್ಬಿಣಕ್ಕೆ ಬಂದು ಅಂಟಿತು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಹೊಯ್ದು ಕಲಕಿ ಮತ್ತೆ ಅದ್ದಬೇಕು. ಬಣ್ಣ ಕೂರದೆ ಬಂದರೆ ಮದ್ದು ಸಿದ್ಧ.

ಈ ಪರೀಕ್ಷೆಯನ್ನು ಸ್ಟೇನ್‌ಲೆಸ್ ಅಲಗಿನಲ್ಲಿ ಮಾಡಿ ನಂಬುವ ಹಾಗಿಲ್ಲ. ತುಕ್ಕನ್ನು ತಡೆಯುವ ಆ ಪೊರೆಯೇ ತಾಮ್ರವನ್ನೂ ದೂರವಿಡುತ್ತದೆ. ದ್ರಾವಣ ಕೆಟ್ಟಿದ್ದರೂ ಅಲಗು ಬೆಳ್ಳಗೆ ಹೊಳೆಯುತ್ತಲೇ ಬರಬಹುದು. ಪಿಎಚ್ ಕಾಗದ ಬಳಸುವವರು ಈಗ ಹೆಚ್ಚುತ್ತಿದ್ದಾರೆ, ಒಳ್ಳೆಯದೇ. ಆದರೆ ಮಳೆ ಬಿಡುವು ಕೊಟ್ಟ ಎರಡು ಗಂಟೆಯಲ್ಲಿ, ಮರ ಹತ್ತುವವರು ಬಂದು ನಿಂತಿರುವಾಗ, ಕೈಗೆ ಸಿಗುವುದು ಚಾಕು. ಒಂದು ಎಚ್ಚರಿಕೆ: ಹೀಗೆ ಅದ್ದಿದ ಅಲಗನ್ನು ಕೂಡಲೇ ತೊಳೆದು, ಉಜ್ಜಿ, ಎಣ್ಣೆ ಹಚ್ಚಬೇಕು. ತಾಮ್ರ ಅಂಟಿದ ಕಬ್ಬಿಣಕ್ಕೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ತೊಳೆಯದೆ ಅದರಲ್ಲೇ ಮಾವಿನಹಣ್ಣು ಹೆಚ್ಚಿ ತಿನ್ನುವುದಂತೂ ಬೇಡ.

ಇಂಗಾಲದ ಉಕ್ಕಿನ ಪರವಾಗಿ ಇನ್ನೊಂದು ಮಾತಿದೆ. ಅದನ್ನು ಮಸೆಯುವುದು ಸುಲಭ. ನಮ್ಮ ಕಡೆ ಬಿಳಿಕಲ್ಲಿನ ಹುಡಿಯನ್ನು ಮರದ ಹಲಗೆಯ ಮೇಲೆ ಉದುರಿಸಿ ಕತ್ತಿ ಮಸೆಯುವ ಪದ್ಧತಿ ಇತ್ತು. ಬೆಣಚುಕಲ್ಲು ಹದ ಹಾಕಿದ ಉಕ್ಕಿಗಿಂತ ತುಸು ಗಟ್ಟಿ, ಅಷ್ಟು ಸಾಕು. ಅಂಗಡಿಯಲ್ಲಿ ಸಿಗುವ ಎರಡು ಮುಖದ ಸಾಮಾನ್ಯ ಮಸೆಕಲ್ಲಿನಲ್ಲೂ ಹತ್ತು ನಿಮಿಷದಲ್ಲಿ ಬಾಯಿ ಬರುತ್ತದೆ. ಹೆಸರಿನ ಮುಂದೆ ಅಕ್ಷರ, ಅಂಕಿಗಳ ಸಾಲು ಹೊತ್ತ ಹೊಸ ಉಕ್ಕುಗಳು ಹರಿತವನ್ನು ಬಹುಕಾಲ ಹಿಡಿಯುತ್ತವೆ ನಿಜ. ಒಮ್ಮೆ ಮೊಂಡಾದರೆ ವಜ್ರದ ಹುಡಿ ಲೇಪಿಸಿದ ಕಲ್ಲು ಬೇಕಾಗುತ್ತದೆ. ಬುಡೋಳಿಯಲ್ಲೋ ನೇರಳಕಟ್ಟೆಯಲ್ಲೋ ಅದನ್ನು ಹುಡುಕುವುದಕ್ಕಿಂತ ವಾರಕ್ಕೊಮ್ಮೆ ಮಸೆಯುವುದು ಲೇಸು.

ಇನ್ನು ಮಡಚುವ ಕೀಲಿನ ವಿಚಾರ. ಇಲ್ಲಿ ಮೂರು ಸಂಪ್ರದಾಯಗಳನ್ನು ನೋಡೋಣ. ಮೂರೂ ರೈತರ, ಕೂಲಿಯವರ ಕಿಸೆಯಿಂದಲೇ ಬಂದವು.

ಫ್ರಾನ್ಸಿನ ಸವಾಯ್ ಗುಡ್ಡಗಾಡಿನಲ್ಲಿ ಜೋಸೆಫ್ ಒಪಿನೆಲ್ ಎಂಬ ಕಮ್ಮಾರರ ಮನೆಯ ಹುಡುಗ 1890ರಲ್ಲಿ ಮಾಡಿದ ಚಾಕು ಎಲ್ಲಕ್ಕಿಂತ ಸರಳ: ಸೀಳುಬಿಟ್ಟ ಮರದ ಹಿಡಿ, ಒಂದು ಅಲಗು, ಒಂದು ಮೊಳೆ. 1955ರಲ್ಲಿ ಅದರ ಕುತ್ತಿಗೆಗೆ ತಿರುಗಿಸುವ ಲೋಹದ ಉಂಗುರ ಸೇರಿತು. ಉಂಗುರ ತಿರುಗಿಸಿದರೆ ಅಲಗು ಮಡಚಿಕೊಳ್ಳುವುದಿಲ್ಲ. ಅಳತೆಗೆ ತಕ್ಕ ಹಾಗೆ ಸಂಖ್ಯೆಗಳಿವೆ. ಎಂಟನೆಯದರ ಅಲಗು 8.5 ಸೆಂಟಿಮೀಟರ್. ತೆಳು ಅಲಗು, ಹಗುರ, ಇಂಗಾಲದ ಉಕ್ಕಿನಲ್ಲೂ ಸಿಗುತ್ತದೆ. ಕೊಯ್ಯುವ ಕೆಲಸದಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ದೋಷ ಒಂದೇ, ನಮ್ಮೂರಿಗೆ ಅದು ದೊಡ್ಡದು: ಹಿಡಿ ಬೀಚ್ ಮರದ್ದು, ಮಳೆಗಾಲದ ತೇವಕ್ಕೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಸವಾಯ್‌ನವರು ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆ ಹಾರಿಸುತ್ತಾರೆ. ಅವರಲ್ಲಿ ಅಪರೂಪಕ್ಕೆ ಮಾಡುವುದನ್ನು ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಮಾಡಬೇಕಾದೀತು. ಕೀಲಿನ ಸಂದಿಗೆ ಮೇಣ ಕರಗಿಸಿ ಕುಡಿಸಿದರೆ ಸ್ವಲ್ಪ ಸುಧಾರಿಸುತ್ತದೆ.

ಜಪಾನಿನ ಹಿಗೋನೊಕಾಮಿ ಇನ್ನೂ ಬಡವರ ಚಾಕು. ಮಡಚಿದ ತಗಡೇ ಹಿಡಿ. ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ಅಲಗಿನ ಬಾಲದಂತೆ ಹೊರಚಾಚಿದ ತುಂಡನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರಷ್ಟೇ ಅದು ತೆರೆದು ನಿಲ್ಲುತ್ತದೆ. ಹಿಯೊಗೊ ಪ್ರಾಂತದ ಮಿಕಿ ಊರಿನಲ್ಲಿ 1890ರ ದಶಕದಿಂದ ಮಾಡುತ್ತ ಬಂದ ಈ ಚಾಕು ಒಂದು ಕಾಲಕ್ಕೆ ಅಲ್ಲಿನ ಶಾಲಾಮಕ್ಕಳು ಪೆನ್ಸಿಲ್ ಕೆತ್ತುವ ಸಾಧನವಾಗಿತ್ತು. ತೇವಕ್ಕೆ ಉಬ್ಬಲು ಮರವೇ ಇಲ್ಲದ್ದರಿಂದ ನಮ್ಮ ಹವೆಗೆ ಹೊಂದುತ್ತದೆ. ಒದ್ದೆ ಕೈಯಲ್ಲಿ ಜಾರುವುದು ಮಾತ್ರ ಕಷ್ಟ.

ಮೂರನೆಯದು ಬೆನ್ನಿನಲ್ಲಿ ಸ್ಪ್ರಿಂಗ್ ಇರುವ ಶೆಫೀಲ್ಡ್ ಮಾದರಿ. ಎರಡು ಹಲ್ಲೆಗಳ ನಡುವೆ ಉಕ್ಕಿನ ಪಟ್ಟಿಯೊಂದು ಬಿಲ್ಲಿನಂತೆ ಬಿಗಿದು ಕೂತಿರುತ್ತದೆ. ಅಲಗಿನ ಬುಡದ ಚಪ್ಪಟೆ ಭಾಗವನ್ನು ಅದು ಒತ್ತಿ ಹಿಡಿಯುವುದರಿಂದ ತೆರೆದಾಗ ತೆರೆದಲ್ಲಿ, ಮುಚ್ಚಿದಾಗ ಮುಚ್ಚಿದಲ್ಲಿ ಅಲಗು ನಿಲ್ಲುತ್ತದೆ. ಬೀಗವಿಲ್ಲ, ಬೆನ್ನಿನ ಕಡೆಯಿಂದ ಬಲವಾಗಿ ಒತ್ತಿದರೆ ಮಡಚುತ್ತದೆ. ಸ್ವಿಸ್ ಸೈನಿಕರ ಚಾಕೆಂದು ಹೆಸರಾದ ವಿಕ್ಟೋರಿನಾಕ್ಸಿನ ಹೆಚ್ಚಿನ ಸಣ್ಣ ಮಾದರಿಗಳೂ ಇದೇ ಜಾತಿ. ಆ ಸೈನ್ಯಕ್ಕೆ 1961ರಲ್ಲಿ ಬಂದ, 93 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ ಹಿಡಿಯ ಚಾಕಿನ ಮಾದರಿಯಲ್ಲಿ ಈಗಲೂ ಮಾಡುತ್ತಾರೆ. ಅದು ಸ್ಟೇನ್‌ಲೆಸ್. ಪೇಟೆಯಲ್ಲಿ ಕೆಲಸಕ್ಕಿದ್ದು ವಾರದ ಕೊನೆಗೆ ತೋಟಕ್ಕೆ ಬರುವವರಿಗೆ, ಮಂಗಳೂರಿನ ಉಪ್ಪುಗಾಳಿಯಲ್ಲಿ ಓಡಾಡುವವರಿಗೆ ಅದೇ ಒಪ್ಪುವ ಆಯ್ಕೆ.

ಬೀಗವಿಲ್ಲದ ಚಾಕು ಅಪಾಯವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ನಾನು ತಿರುಗಿಸಿ ಕೇಳುತ್ತೇನೆ: ಬೀಗ ಬೇಕಾಗುವ ಕೆಲಸ ಯಾವುದು? ಕೊಯ್ಯುವಾಗ ಬಲ ಬೀಳುವುದು ಬಾಯಿಯ ಕಡೆಯಿಂದ, ಆ ಒತ್ತಡ ಅಲಗನ್ನು ಇನ್ನಷ್ಟು ತೆರೆದೇ ಇಡುತ್ತದೆ. ಬೀಗ ಬೇಕಾಗುವುದು ಮೊನೆಯಿಂದ ಚುಚ್ಚುವಾಗ. ಚುಚ್ಚುವ ಕೆಲಸ ತೋಟದಲ್ಲಿ ಬಹಳ ಕಡಿಮೆ, ಅದಕ್ಕೆ ದಬ್ಬಳವಿದೆ. ಬೀಗವನ್ನು ನಂಬಿ ಮಡಚುವ ಚಾಕಿನಲ್ಲಿ ತೆಂಗಿನಕಾಯಿ ಸೀಳಲು ಹೊರಟವರ ಬೆರಳಿಗಿಂತ, ಬೀಗವಿಲ್ಲವೆಂದು ಗೊತ್ತಿದ್ದು ಮೆಲ್ಲಗೆ ಕೊಯ್ಯುವವರ ಬೆರಳು ಸುರಕ್ಷಿತ.

ಅಲಗಿನ ಆಕಾರದಲ್ಲೂ ಇದೇ ತರ್ಕ. ಬಾಯಿ ನೇರವಾಗಿದ್ದು, ಬೆನ್ನು ತುದಿಯಲ್ಲಿ ಬಾಗಿ ಕೆಳಗಿಳಿದು ಮೊನೆಯನ್ನು ಮೊಂಡು ಮಾಡಿರುವ ಅಲಗು ನನಗೆ ಮೆಚ್ಚು. ಗೋಣಿಯ ನೂಲಿನಡಿ ತೂರಿಸಿದರೆ ಒಳಗಿನ ಹಿಂಡಿಗೆ ತಾಗದು, ದನದ ಕುತ್ತಿಗೆಯ ಹಗ್ಗ ಕತ್ತರಿಸುವಾಗ ದನ ತಲೆ ಕೊಡವಿದರೂ ಗಾಯವಾಗದು. ನೇರ ಬಾಯಿಯನ್ನು ಮಸೆಯುವುದೂ ಕಲಿಯುವವರಿಗೆ ಸುಲಭ. ಗಿಣಿಯ ಕೊಕ್ಕಿನಂತೆ ಒಳಬಾಗಿದ ಅಲಗು ಗಿಡ ಸವರಲು ಚೆನ್ನ, ಮಸೆಯಲು ಪೀಕಲಾಟ. ಉದ್ದ ನಾಲ್ಕು ಬೆರಳಗಲ ಸಾಕು.

ಕಸಿ ಕಟ್ಟುವವರ ಲೆಕ್ಕವೇ ಬೇರೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಿಂದ ಇರುವ ಗೇರು ಸಂಶೋಧನಾ ಕೇಂದ್ರದ ದೆಸೆಯಿಂದ ಈ ಭಾಗದಲ್ಲಿ ಮೃದುಕಾಂಡ ಕಸಿ ಮನೆಮಾತು. ಹಲಸಿಗೂ ಅದೇ ವಿದ್ಯೆ ಬಳಸುವವರು ಹಳ್ಳಿಹಳ್ಳಿಯಲ್ಲಿದ್ದಾರೆ. ಬೇರುಗಿಡದ ಸೀಳಿಗೆ ಕಸಿಕಡ್ಡಿಯ ಬೆಣೆ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂರಬೇಕಾದರೆ ಬೆಣೆಯ ಮೈ ಗಾಜಿನಂತೆ ಸಮತಟ್ಟಾಗಿರಬೇಕು. ಅದಕ್ಕಾಗಿ ಕಸಿಚಾಕಿನ ಅಲಗನ್ನು ಉಳಿಯ ಹಾಗೆ ಒಂದೇ ಬದಿಯಿಂದ ಮಸೆದಿರುತ್ತಾರೆ. ಮಡಚುವ ಕಸಿಚಾಕು ಕೃಷಿ ಉಪಕರಣದ ಅಂಗಡಿಗಳಲ್ಲಿ ಸಿಗುತ್ತದೆ. ಕೊಂಡರೆ ಕಸಿಗೆ ಮಾತ್ರ ಮೀಸಲಿಡಿ; ಪೈಪು ಕೊಯ್ದ ಚಾಕಿನಲ್ಲಿ ಕಟ್ಟಿದ ಕಸಿ ಹಿಡಿಯುವುದಿಲ್ಲ. ಎಡಗೈಯವರಿದ್ದರೆ ಮಸೆದ ಬದಿ ಯಾವುದೆಂದು ನೋಡಿ ಕೊಳ್ಳಬೇಕು.

ಈಗ ಎದುರಿನವರ ಕಣ್ಣಿನ ಮಾತು. ‘ಚೂರಿ ಇರಿತ’ ಎಂಬ ತಲೆಬರಹ ಕಲ್ಲಡ್ಕ, ಬಿ.ಸಿ. ರೋಡ್, ಬಂಟ್ವಾಳಗಳ ಹೆಸರಿನ ಜತೆ ಎಷ್ಟು ಸಲ ಅಚ್ಚಾಗಿದೆ ಎಂಬುದನ್ನು ಇಲ್ಲಿನವರಿಗೆ ಹೇಳಬೇಕಿಲ್ಲ. 2017ರ ಮಳೆಗಾಲದಲ್ಲಿ ತಾಲ್ಲೂಕು ವಾರಗಟ್ಟಲೆ ನಿಷೇಧಾಜ್ಞೆಯಲ್ಲಿತ್ತು. 2025ರ ಮೇ ಕೊನೆಯಲ್ಲಿ ಮತ್ತೆ ಅದೇ. ಇಂಥ ದಿನಗಳಲ್ಲಿ ಮಾಣಿ ಜಂಕ್ಷನ್ನಿನಲ್ಲಿ, ಬೆಂಗಳೂರಿನ ದಾರಿ, ಮೈಸೂರಿನ ದಾರಿ ಕವಲೊಡೆಯುವಲ್ಲಿ, ಪೊಲೀಸರು ಬೈಕು ನಿಲ್ಲಿಸಿದಾಗ ಕಿಸೆಯಿಂದ ಏನು ಹೊರಬರುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಕಾನೂನು ಹೇಳುವುದು ಹೀಗೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮನೆಗೆಲಸ, ಬೇಸಾಯಗಳಿಗೆಂದೇ ಮಾಡಿದ ವಸ್ತು ಆಯುಧವಲ್ಲ. ಅದರಡಿಯ ನಿಯಮಗಳು ಹರಿತಾಯುಧವೆಂದು ಎಣಿಸುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗುಳ್ಳ, ಇಂಥ ಕೆಲಸಗಳಿಗಲ್ಲದೆ ಮಾಡಿದ ಕತ್ತಿಗಳನ್ನು. ಗುಂಡಿ ಒತ್ತಿ ತೆರೆಯುವ ಚಾಕುಗಳ ಮೇಲೆ ದೆಹಲಿಯಂಥ ಕಡೆ ಇನ್ನೂ ಬಿಗಿಯಾದ ಕಟ್ಟಳೆಯಿದೆ; ಅಲ್ಲಿನ 1980ರ ಅಧಿಸೂಚನೆ ಹಾಕಿದ ಮಿತಿ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ. ಸಿನಿಮಾದ ಖಳರಿಂದ ಹೆಸರಾದ ರಾಮ್‌ಪುರಿ ಇಂಥ ನಿರ್ಬಂಧಗಳಡಿಯಲ್ಲೇ ಸೊರಗಿತು. ಇವೆಲ್ಲ ಮಾಮೂಲಿ ದಿನಗಳ ಮಾತು. ನಿಷೇಧಾಜ್ಞೆ ಜಾರಿಯಾದಾಗ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನಡಿ ಚಾಕು, ದೊಣ್ಣೆ, ಕೋಲು ಎಲ್ಲವನ್ನೂ ಹೊರಗೆ ಒಯ್ಯದಂತೆ ತಡೆಯಬಹುದು. ಆಗ ಇಂಚಿನ ಲೆಕ್ಕ ಹಿಡಿದು ವಾದಿಸುವುದು ಜಾಣತನವಲ್ಲ. ಆ ದಿನಗಳಲ್ಲಿ ಚಾಕು ಮನೆಯಲ್ಲಿರಲಿ. ಉಳಿದ ದಿನಗಳಲ್ಲೂ ಮೊಂಡು ಮೊನೆಯ, ಉಗುರು ಸಿಕ್ಕಿಸಿ ಎರಡು ಕೈಯಲ್ಲಿ ತೆರೆಯಬೇಕಾದ, ಅಡಿಕೆಯ ಕಪ್ಪು ಹಿಡಿದ ಚಾಕು ತಾನೇನೆಂದು ನೋಡಿದವರಿಗೆ ತಾನೇ ಹೇಳುತ್ತದೆ. ಕಪ್ಪು ಬಳಿದ, ಒಂದೇ ಕೈಯಲ್ಲಿ ಚಿಮ್ಮುವ ಚಾಕಿಗೆ ಎಷ್ಟು ವಿವರಣೆ ಕೊಟ್ಟರೂ ಸಾಲದು.

ಊರಿನ ಗಲಭೆಗೆ ಕಿಸೆಯ ಚಾಕು ದಂಡ ತೆತ್ತದ್ದು ನಮ್ಮಲ್ಲಿ ಮಾತ್ರ ಅಲ್ಲ. 1960ರ ಅಕ್ಟೋಬರಿನಲ್ಲಿ ಟೋಕಿಯೊದ ಸಭಾವೇದಿಕೆಯ ಮೇಲೆ ಸಮಾಜವಾದಿ ನಾಯಕ ಅಸಾನುಮ ಇನೆಜಿರೊ ಅವರನ್ನು ಹದಿಹರೆಯದವನೊಬ್ಬ ಕಿರುಖಡ್ಗದಿಂದ ಇರಿದು ಕೊಂದ. ಕೊಂದದ್ದು ಖಡ್ಗ. ಆದರೆ ಮಕ್ಕಳ ಕೈಗೆ ಹರಿತವಾದದ್ದು ಕೊಡಬಾರದೆಂಬ ಚಳವಳಿ ದೇಶದಾದ್ಯಂತ ಎದ್ದು ಪೆನ್ಸಿಲ್ ಪೆಟ್ಟಿಗೆಯ ಹಿಗೋನೊಕಾಮಿಯನ್ನು ಹೊರಹಾಕಿತು. ಮಿಕಿಯ ಕುಲುಮೆಗಳು ಒಂದೊಂದಾಗಿ ಆರಿದವು. ಇಂದು ಆ ಹೆಸರಿನ ಹಕ್ಕು ಹೊತ್ತು ಚಾಕು ಮಾಡುವ ಮನೆ ಒಂದೇ.

ಕೊನೆಗೆ ಅಂಗಡಿಯ ಮಾತು. ಪುತ್ತೂರಿನ ಸೋಮವಾರದ ಸಂತೆಯಿರಲಿ, ಹಾರ್ಡ್‌ವೇರ್ ಅಂಗಡಿಯಿರಲಿ, ಸ್ಪ್ರಿಂಗಿನ ಚಾಕನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದು. ತೆರೆದು ಅಲಗನ್ನು ಅಡ್ಡಕ್ಕೆ ಅಲುಗಿಸಿ. ಕಟಕಟ ಅಂದರೆ ಮೊಳೆ ಸಡಿಲ. ಬೆಳಕಿಗೆ ಹಿಡಿದು ಸ್ಪ್ರಿಂಗಿಗೂ ಹಲ್ಲೆಗೂ ನಡುವೆ ಬೆಳಕು ತೂರುತ್ತದೆಯೇ ನೋಡಿ. ತೂರಿದಲ್ಲಿ ನಾಳೆ ನೀರೂ ತೂರುತ್ತದೆ. ಮಡಚಿದಾಗ ಅಲಗು ನಟ್ಟನಡುವೆ ಕೂರಬೇಕು, ಒಂದು ಬದಿಗೆ ಒರಗಬಾರದು. ಉಗುರು ಕಿತ್ತುಬರುವಷ್ಟು ಬಿಗಿಯೂ ಬೇಡ, ಕಿಸೆಯಲ್ಲಿ ತಾನಾಗಿ ಬಾಯಿಬಿಡುವಷ್ಟು ಸಡಿಲವೂ ಬೇಡ. ಹಿಡಿಗೆ ಬೀಟಿಯಂಥ ಎಣ್ಣೆಯಂಶದ ಮರ ಒಳ್ಳೆಯದು, ಕೋಣದ ಕೊಂಬೂ ನಡೆದೀತು. ಕಡವೆಯ ಕೊಂಬಿನದೆಂದು ಹೇಳಿದರೆ ದೂರವಿರಿ. ಜಗತ್ತಿನ ಒಳ್ಳೊಳ್ಳೆಯ ಕಿಸೆಚಾಕುಗಳ ಹಿಡಿಗೆ ಒಂದು ಕಾಲದಲ್ಲಿ ನಮ್ಮ ಕಡವೆಯ ಉದುರಿದ ಕೊಂಬುಗಳೇ ಹೋಗುತ್ತಿದ್ದವು. ಆ ರಫ್ತನ್ನು ಭಾರತ 1990ರ ದಶಕದಲ್ಲಿ ನಿಲ್ಲಿಸಿತು, ಈಗ ಅದು ವನ್ಯಜೀವಿ ಕಾಯ್ದೆಯ ಕೇಸು.

ತಂದಮೇಲೆ ಕೀಲಿಗೆ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ, ಅಲಗಿಗೆ ತೆಂಗಿನೆಣ್ಣೆ. ಕೀಲಿಗೆ ತೆಂಗಿನೆಣ್ಣೆ ಬಿಟ್ಟರೆ ಅದು ದಿನ ಕಳೆದಂತೆ ಅಂಟಾಗಿ ಅಲಗು ತೆವಳತೊಡಗುತ್ತದೆ. ಹಲಸಿನ ಕಾಲದಲ್ಲಂತೂ ಎಣ್ಣೆ ಸವರದೆ ಅಲಗನ್ನು ಸೊಳೆಯ ಹತ್ತಿರ ಒಯ್ಯಲೇಬಾರದು. ಒಮ್ಮೆ ಮೇಣ ಕೀಲಿಗೆ ಇಳಿಯಿತೆಂದರೆ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ಮುಳುಗಿಸಿಡಬೇಕಾಗುತ್ತದೆ. ಬಜ್ಪೆಯಿಂದ ವಿಮಾನ ಹತ್ತುವವರು ಹೊರಡುವ ಹಿಂದಿನ ದಿನವೇ ಅದನ್ನು ಕಿಸೆಯಿಂದ ತೆಗೆದು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿಬಿಡಲಿ. ತಪಾಸಣೆಯ ಡಬ್ಬಿಗೆ ಬಿದ್ದ ಚಾಕು ಮರಳಿ ಬರುವುದಿಲ್ಲ.